ಇಬ್ಬರು ಕೂರುವ ಟ್ಯಾಂಕು

ತಿಥಿಯ ದಿನ ಮುಚ್ಚಿದ ಬಾಗಿಲ ಹಿಂದೆ ಢಮ್ ಅಂದದ್ದು ನಮ್ಮ ಯಜಮಾನರು ಬಂದು ಗುಂಡು ಹೊಡೆದದ್ದಲ್ಲ. ಯಾವುದೋ ದೇಶದಲ್ಲಿ ಕೂತಿದ್ದ ಯಾರೋ ಒಬ್ಬ, ಕಂಪ್ಯೂಟರ್ ಆಟದಲ್ಲಿ ಸುಮ್ಮನೆ ನಿಂತಿದ್ದ ನಮ್ಮ ಟ್ಯಾಂಕಿಗೆ ಹೊಡೆದ. ನಡೆದದ್ದು ಅಷ್ಟೇ. ಚೇಳೂರು ಕಡೆಯ ನಮ್ಮ ನೆಂಟರು ಈಗಲೂ ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ತಿರುಗಲಿ, ಅವರಿಗೂ ಹೊತ್ತು ಹೋಗಬೇಕಲ್ಲ. ಆದರೆ ನಮ್ಮ ಯಜಮಾನರು ಸತ್ತದ್ದು ಆ ಆಟದಿಂದ ಅಂತ ಮಾತ್ರ ಯಾರೂ ಹೇಳಬಾರದು. ಆ ಆಟ ತಂದು ಕೊಟ್ಟವಳು ನನ್ನ ಮೊಮ್ಮಗಳು. ಅವಳು ಇನ್ನೂ ಬದುಕಬೇಕಾದವಳು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಮೊನ್ನೆ ಮಂಚದ ಕೆಳಗೆ ಕಸ ಗುಡಿಸುವಾಗ ಪೊರಕೆಗೆ ಹಳೆಯ ಮೌಸು ಸಿಕ್ಕಿಕೊಂಡು ಬಂತು. ಅದರ ಎಡಗಡೆ ಗುಂಡಿ ಸವೆದು ನುಣ್ಣಗಾಗಿದೆ. ಸವೆಸಿದವಳು ನಾನೇ. ನಾನು ಓದಿದ್ದು ನಾಲ್ಕನೇ ಕ್ಲಾಸು. ಫೋನು ಬಂದರೆ ಎತ್ತುವುದಕ್ಕೆ ಮುಂಚೆ ಕನ್ನಡಕ ಹುಡುಕುವವಳು. ಇಂಥ ಮುದುಕಿ ಟ್ಯಾಂಕಿನಿಂದ ಗುಂಡು ಹೊಡೆಯುತ್ತಿದ್ದಳು ಅಂದರೆ ನೀವು ನಗುತ್ತೀರಿ. ನಗಿ. ನಮ್ಮ ಬೀದಿಯವರೂ ನಕ್ಕರು.

ನಮ್ಮ ಯಜಮಾನರು ಲಗೇಜ್ ಆಟೋ ಓಡಿಸುತ್ತಿದ್ದವರು. ಮೊದಲು ಚೇಳೂರಿನಿಂದ ತುಮಕೂರಿಗೆ ತೆಂಗಿನಕಾಯಿ ಲೋಡು ಹೊಡೆದರು. ಆಮೇಲೆ ಅಂತರಸನಹಳ್ಳಿಯಲ್ಲಿ ಮನೆ ಮಾಡಿ ಫ್ಯಾಕ್ಟರಿಗಳ ಮಾಲು ಹೊಡೆದರು. ಆ ಗಾಡಿಯಲ್ಲಿ ಡ್ರೈವರಿಗೆ ಬಿಟ್ಟರೆ ಇನ್ನೊಬ್ಬರಿಗೆ ಸೀಟಿಲ್ಲ. ನಾನು ಅವರ ಸೀಟಿನ ತುದಿಯಲ್ಲೇ ಅರ್ಧ ಕೂತು, ಕಂಬಿ ಹಿಡಿದುಕೊಂಡು, ‘ನಾಯಿ, ನಾಯಿ’, ‘ಹಳ್ಳ ಐತೆ, ಎಡಕ್ಕೆ’ ಅಂತ ಹೇಳಿಕೊಂಡು ಹೋಗುತ್ತಿದ್ದೆ. ಅವರು ಒಂದು ದಿನವೂ ನನ್ನ ಮಾತು ಕೇಳಿ ಎಡಕ್ಕೆ ತಿರುಗಿಸಿದವರಲ್ಲ. ಮಗಳನ್ನು ಕುಣಿಗಲ್ಲಿಗೆ ಕೊಟ್ಟಾಗ ಬೀರು, ಮಂಚ, ಪಾತ್ರೆ ಎಲ್ಲವನ್ನೂ ಅದರಲ್ಲೇ ಹೇರಿಕೊಂಡು ಹೋದೆವು. ಕುಣಿಗಲ್ ಕೆರೆ ಏರಿಯ ಮೇಲೆ ನಾನು ಹೇಳಿದ ಹಳ್ಳಕ್ಕೇ ಇಳಿಸಿದರು. ಬೀರುವಿನ ಕನ್ನಡಿ ಚೂರಾಯಿತು. ನಾನು ಬಾಯಿಗೆ ಬಂದಂತೆ ಬೈದೆ. ಅವರು ಇಳಿದು, ಚೂರು ಆರಿಸಿ ಏರಿಯಿಂದಾಚೆ ಎಸೆದು, "ಬುಡು ಅತ್ಲಾಗೆ, ಅಳಿಯನ್ಗೆ ದಿನಾ ಬೆಳಗ್ಗೆ ಅವ್ನ್ ಮುಖ ಅವ್ನೇ ನೋಡೋದ್ ತಪ್ತು" ಅಂದು ಮತ್ತೆ ಹತ್ತಿದರು. ಅಳಿಯ ನೋಡಲು ಚೆನ್ನಾಗಿಯೇ ಇದ್ದಾನೆ. ಅವರ ಬಾಯಿ ಹಾಗೆ.

ಅಂಥವರಿಗೆ ಲಕ್ವ ಹೊಡೆಯಿತು. ಬಲಗಡೆ ಕೈ, ಕಾಲು ಬಿದ್ದವು. ಮಾತು ಮೊದಮೊದಲು ತೊದಲಿತು, ಆಮೇಲೆ ದಾರಿಗೆ ಬಂತು. ಆಟೋ ಮಾರಿದೆವು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಿ ತಾತ ಅಂದಳು. ನಮ್ಮ ಯಜಮಾನರು ಅದನ್ನು ಎಡಗೈಯಲ್ಲಿ ಎತ್ತಿ ಬೀದಿಗೆ ಎಸೆದರು. ಬೀದಿ ನಾಯಿ ಕಚ್ಚಿಕೊಂಡು ಹೋಯಿತು. ನಾಯಿಯ ದವಡೆಗಾದರೂ ವ್ಯಾಯಾಮವಾಯಿತು.

ಆಗ ಸಿಂಧು ನಮ್ಮ ಮನೆಗೆ ಬಂದಿದ್ದಳು. ಕುಣಿಗಲ್ಲಿನ ಮಗಳ ಮಗಳು. ಡಿಪ್ಲೊಮಾ ಮಾಡಿ, ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮಾಲು ಚೆಕ್ ಮಾಡುವ ಕೆಲಸಕ್ಕೆ ಸೇರಿ, ನಮ್ಮ ಜೊತೆ ಇದ್ದಳು. ಚೆಂಡು ಹೋದ ಮೇಲೆ ಆ ವ್ಯಾಯಾಮದವಳನ್ನೇ ಹೋಗಿ ಕೇಳಿದಳಂತೆ. ಬೆರಳು ಆಡುವಂಥದ್ದು ಏನಾದರೂ ಸರಿ ಅಂದಳಂತೆ ಅವಳು. ಸಿಂಧು ಲ್ಯಾಪ್‌ಟಾಪು ತಂದು ಮೇಜಿನ ಮೇಲೆ ಇಟ್ಟು ಟ್ಯಾಂಕಿನ ಆಟ ಹಾಕಿದಳು.

"ತಾತ, ಯಾವ್ ದೇಶದ್ ಟ್ಯಾಂಕ್ ಬೇಕು? ಜರ್ಮನಿ ಐತೆ, ರಷ್ಯಾ ಐತೆ, ಇಟಲಿ ಐತೆ."

"ಇಟಲಿ ಹಾಕು ಮಗ. ನಮ್ ಲಗೇಜ್ ಆಟೋ ಕಂಪ್ನಿನೂ ಮೂಲ್ದಲ್ಲಿ ಇಟಲಿದೇಯ. ಸ್ಪೇರ್ ಸಿಗ್ತದೆ."

ಬಂದ ಟ್ಯಾಂಕು ನೋಡಬೇಕಿತ್ತು. ತಗಡಿಗೆಲ್ಲ ರಿವೆಟ್ ಹೊಡೆದಿದ್ದಾರೆ. ತಲೆಯ ಮೇಲೆ ಬೋಗುಣಿ ಕವುಚಿದ ಹಾಗೆ ಒಂದು ಗುಮ್ಮಟ, ಅದಕ್ಕೊಂದು ಕೊಳವೆ, ಹಿಂದೆ ಬಾಲದ ಥರ ಒಂದು ಕಬ್ಬಿಣ. ಇಟಲಿಯವರು ಮೊದಮೊದಲು ಮಾಡಿದ ಟ್ಯಾಂಕಂತೆ, ಸುಮಾರು ನೂರು ವರ್ಷದ ಹಿಂದಿನದು. ಓಡುವುದು ಹೊರೆ ಹೇರಿದ ಎತ್ತಿನ ಗಾಡಿಯ ಹಾಗೆ. ಎದುರಿನವರ ಟ್ಯಾಂಕುಗಳು ಬುರ್ ಅಂತ ಹೋಗಿ ಗುಡ್ಡ ಹತ್ತಿರುತ್ತಿದ್ದವು, ನಮ್ಮದು ಇನ್ನೂ ಮನೆ ಬಾಗಿಲಲ್ಲೇ ಇರುತ್ತಿತ್ತು. ಇದರಲ್ಲಿ ಪಾಯಿಂಟ್ ಮಾಡಿಕೊಂಡರೆ ದೊಡ್ಡ ಟ್ಯಾಂಕು ತಗೋಬಹುದು ತಾತ ಅಂತ ಸಿಂಧು ಎಷ್ಟೋ ಸಲ ಹೇಳಿದಳು. ಅವರು ತಗೊಳ್ಳಲಿಲ್ಲ. ಗಾಡಿ ಕೈಗೆ ಒಗ್ಗಿದ ಮೇಲೆ ಬದಲಾಯಿಸಬಾರದು ಅನ್ನುವುದು ಅವರ ಶಾಸ್ತ್ರ.

ತೊಂದರೆ ಬಂದದ್ದು ಕೈಗೆ. ಓಡಿಸುವುದು ಎಡಗೈ ಬೆರಳಿನ ಕೆಲಸ, ಅದನ್ನು ಒಂದು ದಿನದಲ್ಲಿ ಕಲಿತರು. ಗುರಿಯಿಟ್ಟು ಹೊಡೆಯುವುದು ಬಲಗೈ ಮೌಸಿನಲ್ಲಿ. ಆ ಕೈ ಮೌಸಿನ ಮೇಲೆ ಇಟ್ಟರೆ ಸತ್ತ ಮೀನಿನ ಹಾಗೆ ಬಿದ್ದಿರುತ್ತಿತ್ತು. ಅದಕ್ಕೂ ಬಲ ಬರಲಿ ಅಂತಲೇ ಸಿಂಧು ಇದನ್ನು ಹಾಕಿದ್ದು, ಆದರೆ ನಾಲ್ಕು ದಿನ ನೋಡಿ ಅವರು ಮುಖ ತಿರುಗಿಸಿ ಕೂತರು. ಆಗ ಸಿಂಧು ಸಮಾಧಾನಕ್ಕೆ ಏನೋ ಹೇಳುತ್ತಾ, ನಿಜವಾದ ಆ ಟ್ಯಾಂಕಿನಲ್ಲಿ ಕೂರುತ್ತಿದ್ದದ್ದು ಇಬ್ಬರೇ, ಒಬ್ಬ ಓಡಿಸುವವನು, ಒಬ್ಬ ಹೊಡೆಯುವವನು ಅಂದಳು.

ಯಜಮಾನರು ನನ್ನ ಕಡೆ ತಿರುಗಿದರು. "ಏಯ್ ಇವ್ಳೇ, ಬಾ ಇಲ್ಲಿ. ಸುಮ್ನೆ ಬಟಾಣಿ ಬಿಡುಸ್ಕಂಡ್ ಕೂತಿದೀಯ. ನಾನ್ ಓಡುಸ್ತೀನಿ, ನೀನ್ ಹೊಡಿ."

"ನಂಗೇನ್ ತಲೆ ಕೆಟ್ಟೈತಾ ನಿಮ್ ಥರ?"

"ಗಿಣಿ ಹೊಡೀತಿದ್ದೋಳಲ್ವೇನೇ? ಕೂತ್ಕೋ."

ಅದು ನಿಜ. ಚೇಳೂರಿನಲ್ಲಿ ನಾನು ಲಂಗ ಹಾಕುವ ವಯಸ್ಸಿನಲ್ಲಿ ಶಾಲೆ ಬಿಡಿಸಿದ್ದೇ ಹೊಲ ಕಾಯುವುದಕ್ಕೆ. ತೆನೆ ಬಲಿಯುವ ಕಾಲಕ್ಕೆ ಅಪ್ಪ ನಾಲ್ಕು ಕಂಬದ ಮೇಲೆ ಅಟ್ಟಣೆ ಕಟ್ಟಿಕೊಡುತ್ತಿದ್ದ. ಮಡಿಲಲ್ಲಿ ಕಲ್ಲು, ಕೈಯಲ್ಲಿ ಅವ್ವ ಹೆಣೆದ ಕವಣೆ. ಬೀಸಿ ಬಿಟ್ಟರೆ ಸುಯ್ ಅಂತ ಹೋಗುತ್ತಿತ್ತು ಕಲ್ಲು. ಹಕ್ಕಿಗೆ ತಾಗಬಾರದು, ಅದರ ಪಕ್ಕದ ತೆನೆ ಅಲ್ಲಾಡಬೇಕು, ಹಾಗೆ ಹೊಡೆಯಬೇಕು ಅಂತ ಅಪ್ಪನ ಕಟ್ಟಪ್ಪಣೆ. ನಾನು ಅಷ್ಟು ಒಳ್ಳೆಯವಳಾಗಿರಲಿಲ್ಲ. ಅಟ್ಟಣೆಯ ಮೇಲೆ ಬಿಸಿಲಿಗೆ ತಲೆ ಕಾದು, ಓರಗೆಯವರೆಲ್ಲ ಸ್ಲೇಟು ಹಿಡಿದು ದಾರಿಯಲ್ಲಿ ಹೋಗುವುದು ಕಂಡು, ಆ ಸಿಟ್ಟನ್ನು ಗಿಣಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಹೀಗೆ ಮೌಸು ನನ್ನ ಕೈಗೆ ಬಂತು. ಮೊದಲ ದಿನವೇ ರಾದ್ಧಾಂತ. ಪರದೆಯ ಮೇಲೆ ಕೆಲವು ಟ್ಯಾಂಕಿನ ತಲೆಯ ಮೇಲೆ ಹಸಿರು ಗುರುತು, ಕೆಲವಕ್ಕೆ ಕೆಂಪು. ಯಾರೂ ಏನೂ ಹೇಳಿರಲಿಲ್ಲ. ಹೊಲದಲ್ಲಿ ಹಸಿರು ಕಂಡರೆ ಗಿಣಿ, ಗಿಣಿ ಕಂಡರೆ ಹೊಡೆಯಬೇಕು. ನಾನು ಹಸಿರಿನವಕ್ಕೆಲ್ಲ ಹೊಡೆದೆ.

"ಅಜ್ಜೀ, ಅವ್ರ್ ನಮ್ಮೋರು. ಕೆಂಪು ಹೊಡೀಬೇಕು, ಕೆಂಪು."

"ಮುಂಚೆ ಹೇಳ್ಬೇಕಪ್ಪ. ಬೈತಾ ಅವ್ರಾ ಅವ್ರು?"

"ಇಂಗ್ಲಿಷಲ್ಲಿ ಬೈತಾವ್ರೆ."

"ಬೈಲಿ ಬಿಡು, ನಂಗೆ ಬರಲ್ಲ."

ನಮ್ಮ ಯಜಮಾನರು ನಕ್ಕ ನಗುವಿಗೆ ಕುರ್ಚಿ ಅಲ್ಲಾಡಿತು. ಲಕ್ವ ಹೊಡೆದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ಅವತ್ತಿನಿಂದ ಸಾಯಂಕಾಲ ಸಿಂಧು ಕೆಲಸದಿಂದ ಬಂದು ಕಾಫಿ ಕುಡಿದ ಮೇಲೆ ನಮ್ಮದು ಇದೇ ಕೆಲಸವಾಯಿತು. ಒಂದು ಬೆಂಚಿನ ಮೇಲೆ ಇಬ್ಬರೂ ಒತ್ತಿಕೊಂಡು ಕೂರುವುದು. ನಾನು ‘ಎಡಕ್ಕೆ, ಎಡಕ್ಕೆ’ ಅನ್ನುವುದು, ಅವರು ಬಲಕ್ಕೆ ಹೋಗುವುದು. ಗೆದ್ದದ್ದು ಕಡಿಮೆ. ಒಂದು ಸಲ ಪೊದೆಯ ಹಿಂದೆ ಅಡಗಿ ನಿಂತು, ಮನೆಯಷ್ಟು ದೊಡ್ಡ ಟ್ಯಾಂಕು ಮುಂದೆ ಹಾದು ಹೋದ ಮೇಲೆ ಅದರ ಹಿಂಬದಿಗೆ ಹೊಡೆದು ಉರುಳಿಸಿದೆವು. ಕ್ಷೌರ ಮಾಡಲು ಬಂದವನ ಹತ್ತಿರ, ಹಾಲಿನವನ ಹತ್ತಿರ, ಕರೆಂಟು ಬಿಲ್ಲು ಕೊಡಲು ಬಂದವನ ಹತ್ತಿರ ಯಜಮಾನರು ಅದನ್ನೇ ಹೇಳಿದರು. ಹೊಡೆದವಳು ನಾನು ಅಂತ ಮಾತ್ರ ಯಾರ ಹತ್ತಿರವೂ ಹೇಳಲಿಲ್ಲ.

ಅವರು ಸತ್ತದ್ದು ಅದೇ ಬೆಂಚಿನ ಮೇಲೆ. ಸಿಂಧು ಒಳಗೆ ಕಾಫಿ ಸೋಸುತ್ತಿದ್ದಳು. ನಾವು ಒಂದು ಪಾಳು ಊರಿನ ಗೋಡೆ ಪಕ್ಕ ಹೋಗುತ್ತಿದ್ದೆವು. ಟ್ಯಾಂಕು ನಿಂತುಬಿಟ್ಟಿತು. ನಾನು ಪರದೆಯನ್ನೇ ನೋಡುತ್ತಾ, "ಯಾಕ್ರೀ ನಿಲ್ಲುಸ್ಬುಟ್ರಿ, ಬತ್ತಾ ಅವ್ನೆ, ಓಡ್ಸಿ, ಓಡ್ಸಿ" ಅಂದೆ. ಅವರ ತಲೆ ನನ್ನ ಹೆಗಲ ಮೇಲೆ ಬಂತು. ಆಟಕ್ಕೆ ಬೇಜಾರಾಗಿ ಒರಗಿದರು ಅಂದುಕೊಂಡೆ. ನಮ್ಮ ವಯಸ್ಸಿನಲ್ಲಿ ಯಾರು ಹಾಗೆ ಒರಗುತ್ತಾರೆ ಅಂತ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಎದುರಿನವನು ಹೊಡೆದ. ಢಮ್ ಅಂತ ಪರದೆಯೆಲ್ಲ ಬೆಂಕಿಯಾಯಿತು. ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಅಲ್ಲಿ ನೋಡಿ, ಮತ್ತೆ ಲಕ್ವ, ತಲೆಯಲ್ಲಿ ರಕ್ತನಾಳ ಒಡೆದಿದೆ, ಬಿ.ಪಿ. ಮಾತ್ರೆ ತಗೊಳ್ಳುತ್ತಿದ್ದರಾ ಅಂತ ಕೇಳಿದರು. ನಾನೇ ದಿನಾ ಕೈಗೆ ಕೊಡುತ್ತಿದ್ದೆ ಅಂದೆ. ಅದು ಸುಳ್ಳಲ್ಲ.

ಚೇಳೂರಿಗೆ ತಗೊಂಡು ಹೋಗಿ ಮಣ್ಣು ಮಾಡಿದೆವು. ಅಲ್ಲೇ ಶುರುವಾಯಿತು ಮಾತು. ಯಜಮಾನರ ತಂಗಿ ದೇವೀರಿ ಎದೆ ಬಡಿದುಕೊಂಡು ಅಳುತ್ತಾ, "ಆ ಡಬ್ಬಿ ಮುಂದೆ ಕೂರ್ಸಿ ಕೂರ್ಸಿ ನಮ್ಮಣ್ಣುನ್ ತಲೆ ಕಾಯ್ಸಿ ಕೊಂದ್ರಲ್ಲಪ್ಪೋ" ಅಂದಳು. ಒಬ್ಬಳು ಅಂದದ್ದನ್ನು ಹತ್ತು ಜನ ಅಂದರು. ಯುದ್ಧದ ಆಟವಂತೆ, ಗುಂಡಿನ ಸದ್ದಂತೆ, ಕಾಯಿಲೆಯ ಮನುಷ್ಯನಿಗೆ ಯಾರಾದರೂ ಕೊಡುತ್ತಾರಾ. ಸಿಂಧು ಅಲ್ಲೇ ನೀರಿನ ಬಿಂದಿಗೆ ಹಿಡಿದು ನಿಂತಿದ್ದಳು. ಬಿಂದಿಗೆ ಕೆಳಗಿಟ್ಟು ಹಿತ್ತಿಲಿಗೆ ಹೋದಳು. ಮನೆಗೆ ಬಂದ ಮೇಲೆ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ತಳಕ್ಕೆ ಹಾಕಿದಳು. ಕೆಲಸಕ್ಕೆ ಹೋಗಲಿಲ್ಲ. ಊಟ ಕೊಟ್ಟರೆ ತಟ್ಟೆಯಲ್ಲಿ ಕಲಸಿ ಕಲಸಿ ಇಡುತ್ತಿದ್ದಳು. ನಾನು ಗಂಡ ಸತ್ತವಳು, ನನಗೇ ಹಸಿವಾಗುತ್ತಿತ್ತು. ಅವಳಿಗೆ ಆಗುತ್ತಿರಲಿಲ್ಲ.

ಹನ್ನೊಂದನೇ ದಿನದ ತಿಥಿ ಅಂತರಸನಹಳ್ಳಿ ಮನೆಯಲ್ಲೇ ಮಾಡಿದೆವು. ಬೆಳಿಗ್ಗೆ ಎಡೆಗೆ ಇಡಲು, ಅವರು ದಿನಾ ಹೆಗಲಿಗೆ ಹೊದ್ದು ಕೂರುತ್ತಿದ್ದ ಹಳೆಯ ಖಾಕಿ ಅಂಗಿ ತೆಗೆದು ಕೊಡವಿದೆ. ಎದೆಯ ಜೇಬಿನಲ್ಲಿ ಏನೋ ಗರಗರ ಅಂದಿತು. ಕೈ ಹಾಕಿದರೆ ಬಿಳಿ ಮಾತ್ರೆಗಳು. ಬಿ.ಪಿ. ಮಾತ್ರೆ. ಕೆಲವು ಇಡಿಯಾಗಿದ್ದವು, ಕೆಲವು ಒದ್ದೆಯಾಗಿ ಒಣಗಿ ಜೇಬಿನ ದಾರಕ್ಕೆ ಅಂಟಿ ಹುಡಿಯಾಗಿದ್ದವು. ಬಾಯಿಗೆ ಹಾಕಿಕೊಂಡು, ನೀರು ಕುಡಿದ ಹಾಗೆ ಮಾಡಿ, ನಾನು ಆಚೆ ತಿರುಗಿದ ಮೇಲೆ ಉಗಿದು ಜೇಬಿಗೆ ಹಾಕಿಕೊಂಡಿದ್ದಾರೆ. ನಾನು ಮಂಚದ ಮೇಲೆ ಸ್ವಲ್ಪ ಹೊತ್ತು ಕೂತೆ. ಹೊರಗೆ ನೆಂಟರು ಬಂದಿದ್ದರು, ಒಲೆ ಮೇಲೆ ಕೋಳಿ ಸಾರು ಕುದಿಯುತ್ತಿತ್ತು. ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿ ಎದ್ದೆ. ಅವರ ತಿಥಿಯ ದಿನ, ಅವರ ಒಡಹುಟ್ಟಿದವರ ಮುಂದೆ, ನಿಮ್ಮಣ್ಣ ಕಳ್ಳಾಟ ಆಡಿ ಸತ್ತ ಅಂತ ಹೇಳುವುದು ನನ್ನಿಂದ ಆಗಲಿಲ್ಲ. ಹಾಗಂತ ಹುಡುಗಿಯ ತಲೆಯ ಮೇಲಿನ ಹೊರೆ ಇಳಿಸದೆ ಇರುವುದೂ ಆಗಲಿಲ್ಲ.

ನಮ್ಮ ಕಡೆ ಎಡೆ ಇಡುವ ಪದ್ಧತಿ ನಿಮಗೆ ಗೊತ್ತಿರಬಹುದು. ಸತ್ತವರಿಗೆ ಏನೇನು ಇಷ್ಟವೋ ಅದೆಲ್ಲ ಎಲೆಯ ಮೇಲೆ, ಎಲೆಯ ಪಕ್ಕ ಇರಬೇಕು. ಅದೂ ತಿನ್ನುವ ಹಾಗೆ ಇರಬೇಕು. ಬಾಳೆಹಣ್ಣು ಸಿಪ್ಪೆ ಅರ್ಧ ಸುಲಿದು ಇಡಬೇಕು, ಬಾಟಲಿ ಮುಚ್ಚಳ ತೆಗೆಯಬೇಕು, ಬೀಡಿ ಹಚ್ಚಿ ಇಡಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಮಾತಾಡದೆ ನಿಲ್ಲಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು.

ಮುದ್ದೆ, ಸಾರು, ಬೀಡಿ, ಬ್ರಾಂದಿ ಎಲ್ಲ ಆಯಿತು. ನಾನು ಬೀರುವಿನಿಂದ ಲ್ಯಾಪ್‌ಟಾಪು ತಂದು ಎಲೆಯ ಪಕ್ಕ ಇಟ್ಟೆ.

ದೇವೀರಿ ಎದ್ದು ನಿಂತಳು. "ಅತ್ತಿಗೆ, ಏನ್ ಮಾಡ್ತಿದೀಯ? ಕೊಂದಿದ್ದುನ್ನೇ ತಂದು ಎಡೆಗಿಡ್ತೀಯ?"

"ನಿಮ್ಮಣ್ಣುನ್ಗೆ ಇಷ್ಟ ಇತ್ತು. ಇಷ್ಟ ಇದ್ದಿದ್ದು ಇಡ್ಬೇಕೋ ಬೇಡ್ವೋ?"

"ಹಂಗಂತ ಇದುನ್ನಾ?"

"ಬೀಡಿ ಇಟ್ಟಿದೀಯಲ್ಲ ನೀನೇ ಹಚ್ಚಿ. ಮೊದ್ಲು ಲಕ್ವ ಹೊಡ್ದಾಗ ಡಾಕ್ಟ್ರು ಬೈದಿದ್ದು ಬೀಡಿಗೆ. ಅದುನ್ ತೆಗಿ, ಇದುನ್ನೂ ತೆಗೀತೀನಿ."

ದೇವೀರಿ ಕೂತಳು. ನಾನು ಸಿಂಧುವನ್ನು ಕರೆದೆ. ತೆರೆದು ಆಟ ಹಾಕು ಅಂದೆ. ಅವಳು ಬೇಡ ಅಜ್ಜಿ ಅಂತ ತಲೆ ಆಡಿಸಿದಳು. "ಡಬ್ಬಿ ಮುಚ್ಚುಳ ತೆಗೀದೆ ಯಾರಾದ್ರೂ ಎಡೆ ಇಡ್ತಾರಾ? ಹಾಕು." ಅವಳು ಎಲೆಯ ಮುಂದೆ ಕೂತು ಹಾಕಿದಳು. ಇಟಲಿ ಟ್ಯಾಂಕು ಬಂತು. ಯುದ್ಧಕ್ಕೆ ಬಿಡುವ ಕೆಂಪು ಗುಂಡಿ ನಾನೇ ಒತ್ತಿದೆ. ಎಲ್ಲರೂ ಹೊರಗೆ ಬಂದೆವು. ಬಾಗಿಲು ಮುಚ್ಚಿದೆವು.

ಬೀದಿಯಲ್ಲಿ ಶಿಫ್ಟು ಮುಗಿಸಿದವರ ಬೈಕುಗಳು ಹೋಗುತ್ತಿದ್ದವು. ನೆಂಟರು ಕೈಕಟ್ಟಿ ನಿಂತಿದ್ದರು. ಒಳಗೆ ಢಮ್ ಅಂದಿತು.

"ಬಂದವ್ನೆ" ಅಂದ ಯಜಮಾನರ ದಾಯಾದಿ ಒಬ್ಬ, ಮೆಲ್ಲಗೆ. "ಅಣ್ಣಯ್ಯ ಬಂದವ್ನೆ ಕಣ್ರೋ." ಇನ್ನೊಂದು ಸಲ ಢಮ್ ಅಂದಿತು. ಹೆಂಗಸರು ಬಾಗಿಲಿಗೆ ಕೈ ಮುಗಿದರು. ದೇವೀರಿ ಹೋಗಿ ಸಿಂಧುವನ್ನು ತಬ್ಬಿಕೊಂಡು, "ನಿನ್ ಮ್ಯಾಲೆ ಸಿಟ್ಟಿಲ್ಲ ಕಣೇ ಕೂಸೇ ನಿಮ್ ತಾತುಂಗೆ, ಬಂದು ಆಡ್ಬುಟ್ ಹೋದ, ನನ್ ಬಾಯಿಗ್ ಮಣ್ಣಾಕ" ಅಂತ ಅತ್ತಳು. ನಾನು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದೆ. ಆ ಸದ್ದು ನಾವು ಹೊಡೆದಾಗ ಬರುವ ಸದ್ದಲ್ಲ. ನಮಗೆ ಬಿದ್ದಾಗ ಬರುವ ಸದ್ದು. ಓಡಿಸುವವರಿಲ್ಲದೆ ನಿಂತ ಟ್ಯಾಂಕಿಗೆ ಯಾರು ಬೇಕಾದರೂ ಹೊಡೆಯುತ್ತಾರೆ. ನನಗೆ ಅದು ಗೊತ್ತಿತ್ತು. ಸಿಂಧುಗೂ ಗೊತ್ತಿತ್ತು. ದೇವೀರಿಯ ಹೆಗಲ ಮೇಲಿನಿಂದ ಅವಳು ನನ್ನನ್ನೇ ನೋಡುತ್ತಿದ್ದಳು, ಅಳಲಿಲ್ಲ.

ಸಾಯಂಕಾಲ ನೆಂಟರೆಲ್ಲ ಬಸ್ಸಿಗೆ ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದೆವು.

"ಅಜ್ಜಿ, ಅದು ತಾತ ಅಲ್ಲ."

"ಅಲ್ಲ. ನಿಂತಿತ್ತು, ಯಾವನೋ ಹೊಡ್ದ."

"ನಾಳೆ ಕುಣಿಗಲ್‌ಗೆ ಹೋಗ್ಬಿಡ್ತೀನಿ. ಕೆಲ್ಸ ಬಿಟ್ಬಿಡ್ತೀನಿ. ಆ ಬೆಂಚ್ ನೋಡಕ್ಕಾಗಲ್ಲ ನಂಗೆ. ನಾನ್ ಆ ಗೇಮ್ ಹಾಕ್ಕೊಡ್ದೆ ಇದ್ದಿದ್ರೆ..."

ನಾನು ಕೈ ಒರೆಸಿಕೊಂಡು, ಸೆರಗಿನ ಗಂಟು ಬಿಚ್ಚಿ, ಮಾತ್ರೆಗಳನ್ನು ಅವಳ ಅಂಗೈಗೆ ಸುರಿದೆ.

"ಏನಿದು?"

"ನಿಮ್ ತಾತ ನುಂಗ್ದೆ ಇದ್ದ ಬಿ.ಪಿ. ಮಾತ್ರೆ. ಅಂಗಿ ಜೇಬಲ್ಲಿತ್ತು."

ಅವಳು ಒಂದೊಂದನ್ನೇ ಬೆರಳಲ್ಲಿ ಹೊರಳಿಸಿದಳು. ಯಾಕಜ್ಜಿ ಅಂದಳು.

ಹೇಳಿದೆ. ಆ ಮಾತ್ರೆ ತಗೊಂಡರೆ ಗಳಿಗೆಗೊಂದು ಸಲ ಉಚ್ಚೆ ಬರುತ್ತದೆ ಅಂತ ಅವರು ಒಂದು ಸಲ ಗೊಣಗಿದ್ದರು. ಪ್ರತಿ ಸಲವೂ ನಾನು ತೋಳು ಕೊಟ್ಟು ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗಿ, ಪಂಚೆ ಎತ್ತಿ ಹಿಡಿದು ನಿಲ್ಲಬೇಕಿತ್ತು. ಜೀವಮಾನವೆಲ್ಲ ಗಾಡಿ ಓಡಿಸಿದ ಗಂಡಸು. ಆಗಲಿಲ್ಲ ಅವರಿಗೆ. ಅಷ್ಟೇ ಇದರ ಕಥೆ. ನಿನ್ನ ಆಟದ ಮುಂದೆ ಕೂತಿದ್ದಷ್ಟು ಹೊತ್ತೇ ಅವರು ಮನುಷ್ಯರ ಹಾಗೆ ಇದ್ದದ್ದು ಅಂತಲೂ ಹೇಳಿದೆ.

"ನಿಂಗೆ ಸಿಟ್ಟು ಬರ್ಲಿಲ್ವಾ ಅಜ್ಜಿ?"

"ಬಂತು. ಈಗ್ಲೂ ಐತೆ. ನಂಗ್ ಭಾರ ಆಯ್ತದಾ ಅಂತ ಒಂದ್ ಮಾತ್ ಕೇಳ್ಬೋದಿತ್ತು. ಭಾರ ಆಗ್ತಿರ್ಲಿಲ್ಲ ನಂಗೆ."

ಅವಳು ಆಗ ಅತ್ತಳು. ಅವರು ಸತ್ತಾಗಿನಿಂದ ಅಳದೆ ಇದ್ದದ್ದನ್ನೆಲ್ಲ ಅತ್ತಳು. ನಾನು ಉಳಿದ ಪಾತ್ರೆ ತೊಳೆದೆ. ಸತ್ತವರ ಮರ್ಯಾದೆ ದೊಡ್ಡದೇ, ಆದರೆ ಅದು ಊಟ ನಿದ್ದೆ ಬೇಡುವುದಿಲ್ಲ. ಬದುಕಿರುವವಳಿಗೆ ಎರಡೂ ಬೇಕು.

ಕುಣಿಗಲ್ಲಿಗೆ ಹೋಗುತ್ತೀಯೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಮಾರನೇ ಬೆಳಿಗ್ಗೆ ಎದ್ದು ಚಿತ್ರಾನ್ನ ಮಾಡಿ ಅವಳ ಡಬ್ಬಿಗೆ ಹಾಕಿದೆ. ಮನೆಗೆ ಬೀಗ ಹಾಕಿ ಅವಳ ಜೊತೆ ನಾನೂ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. ಅವಳು ಅದರ ಕಡೆ ನೋಡಿದಳು. ನಾನು ಹೋಗಿ ಸತ್ಯಮಂಗಲದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೂ ಹತ್ತಿದಳು. ಫ್ಯಾಕ್ಟರಿ ಗೇಟಿನ ಕಾವಲಿನವನು ಯಾರಜ್ಜಿ ಬೇಕಾಗಿತ್ತು ಅಂದ. ಯಾರೂ ಬೇಡ, ಇವಳನ್ನು ಬಿಡೋಕೆ ಬಂದೆ ಅಂದೆ. ಅವಳು ಒಳಗೆ ಹೋದಳು. ಎದುರಿಗೆ ಹೊಂಗೆ ಮರದ ಕೆಳಗೆ ಒಂದು ಕಲ್ಲಿತ್ತು. ಊಟದ ಗಂಟೆ ಹೊಡೆಯುವವರೆಗೂ ಅದರ ಮೇಲೆ ಕೂತು ಗೇಟು ನೋಡಿದೆ. ಅವಳು ಹೊರಗೆ ಬರಲಿಲ್ಲ. ಆಮೇಲೆ ಎದ್ದು ಮನೆಯ ಬಸ್ಸು ಹತ್ತಿದೆ.